ಊರವರೇ ಸೇರಿ ಹೊಸ ಮೆಣಸಿನ ತಳಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೀಜ ಹಂಚುವ ದಿನಗಳಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ, ಕೆಲವೊಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಕೂಡ ನಮ್ಮನ್ನು ಕೇಳಿದ ಪ್ರಶ್ನೆಗಳಿವು. ಉಡುಪಿಯಿಂದ ಉಳ್ಳಾಲದವರೆಗಿನ ಹಿತ್ತಿಲು, ಬೆಟ್ಟು ಗದ್ದೆ, ತಾರಸಿಗಳಲ್ಲಿ ಮೆಣಸು ಬೆಳೆಸುವವರು ಕೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಹೊಸಬರು ಮೊದಲಿನಿಂದ ಓದಿ. ಈಗಾಗಲೇ ಕ್ರಾಸ್ ಮಾಡಿ (ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗ ಕೊಟ್ಟು) ಕೂತವರು ಆಯ್ಕೆಯ ಭಾಗಕ್ಕೆ ನೇರ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಪೇಟೆಯಲ್ಲಿ ಇಷ್ಟೆಲ್ಲ ಬಗೆಯ ಮೆಣಸು ಸಿಗುವಾಗ ಇನ್ನೊಂದು ಹೊಸತು ಯಾಕೆ ಮಾರಾಯ್ರೆ?

ಅಡುಗೆಮನೆಯ ಮೆಣಸಿನ ಡಬ್ಬ ತೆರೆದರೆ ಉತ್ತರ ಅಲ್ಲೇ ಉಂಟು. ಕೋಳಿ ಗಸಿಗಾಗಲಿ, ಪುಳಿಮುಂಚಿಗಾಗಲಿ, ಘೀ ರೋಸ್ಟಿಗಾಗಲಿ ಬಣ್ಣಕ್ಕೆ ನಾವು ಹಾಕುವ ಬ್ಯಾಡಗಿ ಬರುವುದು ಘಟ್ಟದ ಮೇಲಿಂದ, ಹಾವೇರಿ ಕಡೆಯ ಕಪ್ಪು ಮಣ್ಣಿನ ಹೊಲಗಳಿಂದ. ಅದರ ಬೀಜ ತಂದು ಇಲ್ಲಿ ಬಿತ್ತಿದವರಿಗೆಲ್ಲ ಮುಂದಿನ ಕತೆ ಗೊತ್ತು. ನಮ್ಮ ಮುರಕಲ್ಲಿನ ಮಣ್ಣು ಹುಳಿ ಗುಣದ್ದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ನಿಂತ ಮೇಲೂ ಗಾಳಿಯಲ್ಲಿ ತೇವ. ಹೂ ಬಿಡುವ ಹೊತ್ತಿಗೆ ಗಿಡ ಸೊರಗಿ ಬೀಳುತ್ತದೆ, ಉಳಿದ ಗಿಡದ ಹಣ್ಣಿಗೆ ಕೊಳೆ ಹಿಡಿಯುತ್ತದೆ.

ಬೀಜದ ಕಂಪನಿಗಳು ಸಾವಿರಾರು ಎಕರೆಯ ಬೆಳೆಯನ್ನು ಕಣ್ಣಮುಂದೆ ಇಟ್ಟುಕೊಂಡು ತಳಿ ಮಾಡುತ್ತವೆ. ಮನೆಗೆ ಐದು ಸೆಂಟ್ಸ್ ಮೆಣಸು ಹಾಕುವ ಕರಾವಳಿ ಅವರ ಲೆಕ್ಕಕ್ಕೆ ಬರುವುದಿಲ್ಲ. ಈ ಮಣ್ಣಿನಲ್ಲಿ ನಿಂತು ಈ ಮಸಾಲೆಗೆ ಬಣ್ಣ ಕೊಡುವ ಮೆಣಸು ಬೇಕಾದರೆ ಅದನ್ನು ಇಲ್ಲಿಯವರೇ ಮಾಡಿಕೊಳ್ಳಬೇಕು.

ಊರಿನ ತಳಿ ಉಳಿಸುವುದು, ಹೊಸ ತಳಿ ಮಾಡುವುದು, ಎರಡೂ ಒಂದೇನಾ?

ಅಲ್ಲ. ಆದರೆ ಮೊದಲನೆಯದು ಇಲ್ಲದೆ ಎರಡನೆಯದು ಆಗುವುದಿಲ್ಲ. ನೇತ್ರಾವತಿ ದಡದ ಊರಿನ ಹೆಸರು ಹೊತ್ತ ಹರೇಕಳ ಮೆಣಸು, ಬೇಲಿ ಬದಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರಿ, ಅಜ್ಜಿಯಂದಿರು ಹೆಸರೇ ಇಡದೆ ‘ನಮ್ಮ ಮನೆಯದ್ದು’ ಎಂದು ತೋರಿಸುವ ಗಿಡ್ಡ ಮೆಣಸು, ಇವೆಲ್ಲ ಈ ಹವೆಯಲ್ಲಿ ತಲೆಮಾರುಗಟ್ಟಲೆ ಬದುಕಿ ಬಂದವು. ಇವನ್ನು ಬೇರೆ ತಳಿ ಬೆರೆಯದಂತೆ ಇಟ್ಟುಕೊಳ್ಳುವುದು ಉಳಿಸುವ ಕೆಲಸ. ಇವುಗಳಲ್ಲಿ ಎರಡನ್ನು ಸೇರಿಸಿ, ಅಥವಾ ಇವನ್ನು ಹೊರಗಿನ ತಳಿಯೊಂದಿಗೆ ಸೇರಿಸಿ, ಹುಟ್ಟಿದ ಮಕ್ಕಳಲ್ಲಿ ಬೇಕಾದ್ದನ್ನು ವರ್ಷಗಟ್ಟಲೆ ಆರಿಸುವುದು ತಳಿ ಮಾಡುವ ಕೆಲಸ.

ನಮ್ಮ ಸಲಹೆ ಇಷ್ಟೇ: ಕ್ರಾಸಿಗೆ ಕೈಹಾಕುವ ಮೊದಲು ಕನಿಷ್ಠ ಒಂದು ಹಂಗಾಮು ಊರಿನ ತಳಿಯನ್ನೇ ಬೆಳೆಸಿ, ಅದರಲ್ಲಿ ಒಳ್ಳೆ ಗಿಡಗಳ ಬೀಜ ಮಾತ್ರ ಇಡುವ ಅಭ್ಯಾಸ ಮಾಡಿಕೊಳ್ಳಿ. ಬೇಕಾದ ಗುಣ ಹಳೆಯ ತಳಿಯೊಳಗೇ ಇರುವುದೂ ಉಂಟು, ಆಗ ಕ್ರಾಸ್ ಮಾಡುವ ಅಗತ್ಯವೇ ಬೀಳುವುದಿಲ್ಲ.

ಇದನ್ನು ಒಬ್ಬರೇ ಮಾಡ್ಲಿಕ್ಕೆ ಆಗುದಿಲ್ವಾ? ಗುಂಪು ಯಾಕೆ?

ಕ್ರಾಸ್ ಮಾಡುವುದಕ್ಕೆ ಒಬ್ಬರು ಸಾಕು. ಆಯ್ಕೆಗೆ ಸಾಲದು. ಕಾರಣ ಬರೀ ಲೆಕ್ಕ.

ಕ್ರಾಸಿನ ಮೊದಲ ಪೀಳಿಗೆಯಲ್ಲಿ ಕಾಣಿಸದೆ ಮರೆಯಲ್ಲಿ ಉಳಿಯುವ ಒಂದು ಗುಣ ನಿಮಗೆ ಬೇಕು ಎಂದಿಟ್ಟುಕೊಳ್ಳಿ. ಕ್ರಾಸಿನ ಎರಡನೆಯ ಪೀಳಿಗೆಯಲ್ಲಿ ನಾಲ್ಕು ಗಿಡಕ್ಕೆ ಒಂದರಲ್ಲಿ ಅದು ಕಾಣಿಸುತ್ತದೆ. ಅಂಥ ಎರಡು ಗುಣ ಒಟ್ಟಿಗೆ ಬೇಕಾದರೆ 16ರಲ್ಲಿ ಒಂದು, ಮೂರು ಬೇಕಾದರೆ 64ರಲ್ಲಿ ಒಂದು. 64 ನೆಟ್ಟರೆ ಒಂದು ಸಿಕ್ಕೇ ಸಿಗುತ್ತದೆ ಎಂದೂ ಅಲ್ಲ. ನೂರಕ್ಕೆ 95 ಪಾಲು ಭರವಸೆ ಬೇಕಾದರೆ ಸುಮಾರು 190 ಗಿಡ ನೆಡಬೇಕು. ಒಂದು ಹಿತ್ತಿಲಿನಲ್ಲಿ 190 ಗಿಡಕ್ಕೆ ನೀರು ಹೊತ್ತು ಹಾಕುವವರು ಯಾರು? ಅದೇ 16 ಮನೆಗಳು ಮನೆಗೆ 12ರಂತೆ ನೆಟ್ಟರೆ 192 ಆಯಿತು.

ಲೆಕ್ಕಕ್ಕಿಂತ ದೊಡ್ಡ ಲಾಭ ಇನ್ನೊಂದು. ಕಾಪುವಿನ ಮರಳು ಮಣ್ಣು, ಕಾರ್ಕಳದ ಮುರ, ನದಿ ಬದಿಯ ಬೈಲು ಗದ್ದೆ, ಇಷ್ಟರಲ್ಲೂ ಚೆನ್ನಾಗಿ ಬಂದ ಗಿಡವನ್ನು ನಂಬಬಹುದು. ಒಬ್ಬರ ಹಟ್ಟಿಗೊಬ್ಬರದ ಬಲದಲ್ಲಿ ಸೊಂಪಾಗಿ ಬೆಳೆದದ್ದನ್ನು ನಂಬಲಿಕ್ಕಾಗುವುದಿಲ್ಲ. ಹೊರದೇಶದಲ್ಲಿ ಇದಕ್ಕೆ ಒಳ್ಳೆಯ ಮಾದರಿ ಉಂಟು. ಅಮೆರಿಕದ ಕ್ರೇಗ್ ಲಹೂಲಿಯರ್ ಮತ್ತು ಆಸ್ಟ್ರೇಲಿಯಾದ ಪಟ್ರಿನಾ ನಸ್ಕೆ ಸ್ಮಾಲ್ ಶುರುಮಾಡಿದ ಗಿಡ್ಡ ಟೊಮೆಟೊ ಯೋಜನೆಯಲ್ಲಿ ಮನೆ ತೋಟದವರೇ ಸೇರಿ ನೂರಕ್ಕೂ ಹೆಚ್ಚು ತಳಿ ಹೊರತಂದರು. ಒಂದು ಕಡೆ ಚಳಿಗಾಲ ಇರುವಾಗ ಇನ್ನೊಂದು ಕಡೆ ಬೇಸಿಗೆ. ಹಾಗಾಗಿ ಬೀಜ ಆಚೆ ಈಚೆ ಕಳಿಸಿ ವರ್ಷಕ್ಕೆ ಎರಡು ಪೀಳಿಗೆ ದಾಟಿಸಿದರು.

ನನ್ನದು ಫ್ಲಾಟು. ಬಾಲ್ಕನಿಯಲ್ಲಿ ನಾಲ್ಕು ಚಟ್ಟಿ ಇಡ್ಲಿಕ್ಕೆ ಆಗ್ತದೆ ಅಷ್ಟೆ. ಸೇರಬಹುದಾ?

ಧಾರಾಳವಾಗಿ. ಕ್ರಾಸ್ ಮಾಡಲಿಕ್ಕೆ ಬಾಲ್ಕನಿಯೇ ಒಳ್ಳೆಯದು. ಗಿಡ ಕಣ್ಣೆದುರು ಇರುತ್ತದೆ, ಜೇನು ಕಡಿಮೆ, ಮಳೆ ತಾಗುವುದಿಲ್ಲ. ತಂದೆ ತಾಯಿ ಗಿಡಗಳನ್ನು ವರ್ಷವಿಡೀ ಉಳಿಸಿಕೊಳ್ಳುವ ಕೆಲಸ ಫ್ಲಾಟಿನವರಿಗೆ ಕೊಡುವುದು ನಮ್ಮ ಕ್ರಮ. ಚಟ್ಟಿ 10 ಲೀಟರಿಗೆ ಕಡಿಮೆ ಇರಬಾರದು. ಮಣ್ಣಿನ ರೋಗಕ್ಕೆ ಗಿಡ ಗಟ್ಟಿಯೋ ಅಲ್ಲವೋ ಎಂಬುದು ಮಾತ್ರ ಚಟ್ಟಿಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಗದ್ದೆಯೇ ಬೇಕು.

ಗಾಂಧಾರಿಗೂ ಬ್ಯಾಡಗಿಗೂ ಕ್ರಾಸ್ ಮಾಡಿದ್ರೆ ಹಿಡಿತದಾ? ಎಲ್ಲ ಮೆಣಸೂ ಒಂದೇ ಅಲ್ವಾ?

ಎಲ್ಲವೂ ಒಂದೇ ಅಲ್ಲ. ಮನುಷ್ಯ ಬೆಳೆಸುವ ಮೆಣಸಿನಲ್ಲಿ ಐದು ಜಾತಿಗಳಿವೆ: ಆನ್ಯುಮ್, ಫ್ರುಟೆಸೆನ್ಸ್, ಚೈನೆನ್ಸ್, ಬ್ಯಾಕೇಟಮ್, ಪ್ಯುಬೆಸೆನ್ಸ್. ಎಲ್ಲದರ ಮೂಲ ಅಮೆರಿಕ ಖಂಡಗಳು. ನಮ್ಮ ಕಡೆಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಬ್ಯಾಡಗಿ, ಗುಂಟೂರು, ದೊಣ್ಣೆಮೆಣಸು ಇವೆಲ್ಲ ಆನ್ಯುಮ್. ಗಾಂಧಾರಿ ಸಾಮಾನ್ಯವಾಗಿ ಫ್ರುಟೆಸೆನ್ಸ್. ಈಶಾನ್ಯದ ಭೂತ್ ಜೊಲೊಕಿಯಾ ಮುಖ್ಯವಾಗಿ ಚೈನೆನ್ಸ್ ಕಡೆಯದು, ಅದರಲ್ಲಿ ಫ್ರುಟೆಸೆನ್ಸಿನ ರಕ್ತವೂ ಸ್ವಲ್ಪ ಸೇರಿದೆ.

ಒಂದೇ ಜಾತಿಯೊಳಗೆ ಕ್ರಾಸ್ ಸಲೀಸು. ಆನ್ಯುಮ್ ಮತ್ತು ಫ್ರುಟೆಸೆನ್ಸ್ ನಡುವೆ ಹಿಡಿಯುವುದು ಅಪರೂಪ. ಹಿಡಿದರೂ ಹುಟ್ಟಿದ ಗಿಡ ಹೂ ಬಿಟ್ಟು ಬೀಜ ಕಟ್ಟದೆ ಹೋಗುವುದೇ ಹೆಚ್ಚು. ಹೂ ನೋಡಿ ಜಾತಿ ಗುರುತಿಸಬಹುದು: ಆನ್ಯುಮ್‌ನಲ್ಲಿ ಗಂಟಿಗೆ ಸಾಮಾನ್ಯವಾಗಿ ಒಂದೇ ಹೂ, ಅಚ್ಚ ಬಿಳಿ. ಗಾಂಧಾರಿಯದು ಹಸಿರು ಛಾಯೆಯ ಹೂ, ಒಂದು ಗಂಟಿನಲ್ಲಿ ಎರಡು ಮೂರು ಇರುವುದುಂಟು. ಹೊಸಬರು ಮೊದಲ ಕ್ರಾಸನ್ನು ಆನ್ಯುಮ್‌ನೊಳಗೇ ಮಾಡಿ.

## ಹೂವು, ಕ್ರಾಸ್, ಬೀಜ

ಖಾರದ ಮೆಣಸಿನ ಪಕ್ಕ ದೊಣ್ಣೆಮೆಣಸು ನೆಟ್ರೆ ದೊಣ್ಣೆಮೆಣಸೂ ಖಾರ ಆಗ್ತದೆ ಅಂತಾರೆ. ಹೌದಾ?

ಈ ವರ್ಷದ ಕಾಯಿ ಆಗುವುದಿಲ್ಲ. ಕಾಯಿಯ ಸಿಪ್ಪೆ, ಒಳಗಿನ ಬಿಳಿ ತಿರುಳು ಎರಡೂ ತಾಯಿ ಗಿಡದ ಭಾಗ, ಪರಾಗ ಎಲ್ಲಿಂದ ಬಂದರೂ ಅವು ಬದಲಾಗುವುದಿಲ್ಲ. ಖಾರ ಹುಟ್ಟುವುದು ಆ ಬಿಳಿ ತಿರುಳಿನಲ್ಲೇ. ಬೀಜದಲ್ಲಿ ಖಾರ ಇದೆ ಎಂದು ನಮಗೆ ಅನಿಸುವುದು ಅದು ತಿರುಳಿಗೆ ಅಂಟಿಕೊಂಡಿರುವ ಕಾರಣಕ್ಕೆ.

ಬದಲಾಗುವುದು ಬೀಜದೊಳಗಿನ ಮುಂದಿನ ಗಿಡ. ಆ ಬೀಜ ಬಿತ್ತಿದರೆ ಬರುವ ವರ್ಷ ದೊಣ್ಣೆಮೆಣಸಿನ ಆಕಾರದ ಖಾರದ ಕಾಯಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಖಾರ ಇರುವುದು ಪ್ರಬಲ ಗುಣ, ಖಾರವೇ ಇಲ್ಲದಿರುವುದು ಮರೆಗೆ ಸರಿಯುವ ಗುಣ. ಇದನ್ನು ತೀರ್ಮಾನಿಸುವುದು ಮುಖ್ಯವಾಗಿ ಒಂದೇ ಜೀನು. ಆದರೆ ‘ಎಷ್ಟು ಖಾರ’ ಎಂಬುದರ ಹಿಂದೆ ಹಲವು ಜೀನುಗಳಿವೆ, ಜೊತೆಗೆ ಬಿಸಿಲು, ನೀರಿನ ಕೊರತೆ ಕೂಡ.

ಕೈಯಿಂದ ಕ್ರಾಸ್ ಮಾಡುದು ಹೇಗೆ? ಸರಿಯಾಗಿ ಬಿಡಿಸಿ ಹೇಳಿ.

ಬೇಕಾದ್ದು: ಮೊನೆ ಚೂಪಾದ ಚಿಮಟ, ಸ್ವಲ್ಪ ಸ್ಪಿರಿಟ್, ಬಣ್ಣದ ನೂಲು, ಹತ್ತಿ, ಮತ್ತು ಆತುರವಿಲ್ಲದ ಒಂದು ಸಂಜೆ.

ಇಳಿಬಿಸಿಲಿನಲ್ಲಿ ತಾಯಿ ಗಿಡದ ಬಳಿ ಕೂತು ನಾಳೆ ಬೆಳಿಗ್ಗೆ ಅರಳಲಿರುವ ಮೊಗ್ಗು ಹುಡುಕಿ. ಅದು ಹಸಿರು ಕಳೆದು ಬಿಳಿಯಾಗಿರುತ್ತದೆ, ಉಬ್ಬಿರುತ್ತದೆ, ಆದರೆ ಎಸಳಿನ ತುದಿಗಳು ಇನ್ನೂ ಕೂಡಿಕೊಂಡಿರುತ್ತವೆ. ಅರಳಿದ ಹೂ ಬೇಡ, ಅದು ಆಗಲೇ ತನ್ನದೇ ಪರಾಗ ತೆಗೆದುಕೊಂಡಿರುತ್ತದೆ. ಎಡಗೈಯ ಎರಡು ಬೆರಳಲ್ಲಿ ಮೊಗ್ಗಿನ ತೊಟ್ಟು ಹಿಡಿದು, ಚಿಮಟದ ಮೊನೆಯಿಂದ ಎಸಳು ಬಿಡಿಸಿ. ಒಳಗೆ ನಡುವೆ ಒಂದು ತೆಳ್ಳನೆಯ ಹಸಿರು ಕಡ್ಡಿ, ಸುತ್ತ ಐದಾರು ನೀಲಿ ನೇರಳೆ ಬಣ್ಣದ ಪುಟ್ಟ ಚೀಲಗಳು. ಆ ಚೀಲಗಳೇ ಪರಾಗಕೋಶ. ಒಂದೊಂದನ್ನೇ ಬುಡದಿಂದ ಕಿತ್ತು ತೆಗೆಯಿರಿ. ಯಾವುದಾದರೂ ಒಂದು ಒಡೆದು ಪುಡಿ ಕಂಡಿತೋ, ಆ ಮೊಗ್ಗನ್ನು ಬಿಟ್ಟು ಬೇರೆಯದನ್ನು ನೋಡಿ. ನಡುವಿನ ಕಡ್ಡಿಗೆ ಗಾಯ ಆಗಬಾರದು. ಚೀಲಗಳನ್ನೆಲ್ಲ ತೆಗೆದ ಮೇಲೆ ಮೊಗ್ಗಿನ ಮೇಲೆ ಸಡಿಲವಾಗಿ ಹತ್ತಿ ಸುತ್ತಿಡಿ.

ಮರುದಿನ ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ತಂದೆ ಗಿಡದ ಆಗಷ್ಟೇ ಅರಳಿದ ಹೂ ತನ್ನಿ. ಅದರ ಚೀಲ ಒಡೆದು ಪುಡಿ ಹೊರಬಂದಿರುತ್ತದೆ. ಹೆಬ್ಬೆರಳಿನ ಉಗುರಿನ ಮೇಲೆ ತಟ್ಟಿದರೆ ಕೆನೆ ಬಣ್ಣದ ಪುಡಿ ಬೀಳುತ್ತದೆ. ಹತ್ತಿ ಸರಿಸಿ, ಕಡ್ಡಿಯ ತುದಿಯನ್ನು ಆ ಪುಡಿಗೆ ಮೆತ್ತಗೆ ತಾಗಿಸಿ. ತುದಿಯಲ್ಲಿ ಪುಡಿ ಅಂಟಿದ್ದು ಕಣ್ಣಿಗೆ ಕಾಣಬೇಕು. ಮತ್ತೆ ಹತ್ತಿ ಮುಚ್ಚಿ, ತೊಟ್ಟಿಗೆ ನೂಲು ಕಟ್ಟಿ, ದಿನಾಂಕ ಬರೆದ ಚೀಟಿ ತೂಗಹಾಕಿ. ಇನ್ನೊಂದು ತಳಿ ಮುಟ್ಟುವ ಮೊದಲು ಚಿಮಟ, ಉಗುರು ಎರಡನ್ನೂ ಸ್ಪಿರಿಟ್‌ನಲ್ಲಿ ಒರೆಸಿ.

ಹೆಚ್ಚಿನ ಹೂಗಳು ಉದುರುತ್ತವೆ, ಎದೆಗುಂದಬೇಡಿ. ಆ ರೆಂಬೆಯ ಉಳಿದ ಹೂ ಕಾಯಿಗಳನ್ನು ಚಿವುಟಿದರೆ ಕ್ರಾಸಿನ ಕಾಯಿ ನಿಲ್ಲುವ ಸಾಧ್ಯತೆ ಹೆಚ್ಚು. ಮಾರ್ಚ್ ಏಪ್ರಿಲ್‌ನ ಸೆಕೆಯಲ್ಲಿ ಹೂ ನಿಲ್ಲುವುದು ಕಷ್ಟ. ಡಿಸೆಂಬರ್, ಜನವರಿಯ ತಂಪಿನಲ್ಲಿ ಕೆಲಸ ಮುಗಿಸಿ. ಹಣ್ಣು ಪೂರ್ತಿ ಕೆಂಪಾಗಲು ಎರಡು ತಿಂಗಳು ಹಿಡಿಯಬಹುದು, ಅಲ್ಲಿಯವರೆಗೆ ಕೀಳಬೇಡಿ.

ಕ್ರಾಸ್ ಹಿಡಿದದ್ದಾ, ಅಲ್ಲ ತನ್ನದೇ ಪರಾಗ ತಾಗಿದ್ದಾ? ಗೊತ್ತಾಗುದು ಹೇಗೆ?

ಮರೆಗೆ ಸರಿಯುವ ಗುಣ ಇರುವ ಗಿಡವನ್ನೇ ತಾಯಿ ಮಾಡಿಕೊಳ್ಳಿ. ಮೆಣಸಿನಲ್ಲಿ ಇಂಥ ಎರಡು ಗುಣ ಸುಲಭವಾಗಿ ಕಣ್ಣಿಗೆ ಕಾಣುತ್ತವೆ. ಕಾಯಿ ಮೇಲ್ಮುಖವಾಗಿ ನಿಲ್ಲುವುದು ಮರೆಯ ಗುಣ, ಜೋತು ಬೀಳುವುದು ಪ್ರಬಲ. ಹಣ್ಣು ಹಳದಿಯಾಗುವುದು ಮರೆಯ ಗುಣ, ಕೆಂಪಾಗುವುದು ಪ್ರಬಲ.

ನಮ್ಮ ಕಡೆಗೆ ಹೊಂದುವ ಉದಾಹರಣೆ ‘ಉಜ್ವಲ’. ಕೇರಳ ಕೃಷಿ ವಿಶ್ವವಿದ್ಯಾಲಯದ ಈ ತಳಿ ಸೊರಗು ರೋಗ ತಡೆಯುತ್ತದೆ, ಕಾಯಿ ಗೊಂಚಲಾಗಿ ಮೇಲಕ್ಕೆ ನಿಲ್ಲುತ್ತವೆ. ಅದನ್ನು ತಾಯಿಯಾಗಿಟ್ಟು ಬ್ಯಾಡಗಿಯ ಪರಾಗ ಕೊಟ್ಟರೆ ನಿಜವಾದ ಕ್ರಾಸ್ ಗಿಡದ ಕಾಯಿ ಕೆಳಕ್ಕೆ ಬಾಗಬೇಕು. ತಾಯಿಯ ಹಾಗೆಯೇ ಗೊಂಚಲಾಗಿ ಆಕಾಶ ನೋಡಿದರೆ ಅದು ತನ್ನದೇ ಪರಾಗದ್ದು, ಕಿತ್ತುಹಾಕಿ.

ಬೀಜಕ್ಕೆ ಇಟ್ಟ ಗಿಡಕ್ಕೆ ಬೇರೆ ತಳಿ ಬೆರೆಯದ ಹಾಗೆ ಕಾಯುದು ಹೇಗೆ? ಎಷ್ಟು ದೂರ ನೆಡ್ಬೇಕು?

ಮೆಣಸಿನ ಹೂ ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ, ಆದರೆ ಜೇನು ಬಂದರೆ ಬೆರಕೆಯೂ ಧಾರಾಳವಾಗಿ ಆಗುತ್ತದೆ. ಸರಕಾರದ ಬೀಜ ಪ್ರಮಾಣೀಕರಣದ ನಿಯಮದಲ್ಲಿ ಮೂಲ ಬೀಜಕ್ಕೆ 400 ಮೀಟರ್, ಪ್ರಮಾಣಿತ ಬೀಜಕ್ಕೆ 200 ಮೀಟರ್ ಅಂತರ ಹೇಳಿದ್ದಾರೆ. ಮನೆಗೊಂದು ಮೆಣಸಿನ ಗಿಡ ಇರುವ ನಮ್ಮ ಊರುಗಳಲ್ಲಿ ಅದು ನಡೆಯುವ ಮಾತಲ್ಲ. ಮನೆ ಗೋಡೆಯಲ್ಲಿ ಮುಜಂಟಿ ಜೇನು, ತೆಂಗಿನ ಬುಡದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟವರಿಗಂತೂ ಸಾಧ್ಯವೇ ಇಲ್ಲ.

ಚೀಲ ಕಟ್ಟುವುದೇ ದಾರಿ. ಮದುವೆಯಲ್ಲಿ ಉಡುಗೊರೆ ತುಂಬಿಸಿ ಕೊಡುವ ತೆಳು ಬಲೆಬಟ್ಟೆಯ ಚೀಲಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಹೂ ಅರಳುವ ಮೊದಲೇ ರೆಂಬೆಗೆ ಕಟ್ಟಿ, ದಿನಕ್ಕೊಮ್ಮೆ ರೆಂಬೆಯನ್ನು ಮೆಲ್ಲಗೆ ಅಲುಗಿಸಿ. ಕಾಯಿ ನಿಂತ ಮೇಲೆ ಚೀಲ ತೆಗೆದು ಆ ಕಾಯಿಗಳಿಗೆ ನೂಲು ಕಟ್ಟಿ. ನೂಲಿಲ್ಲದ ಕಾಯಿ ಸಾರಿಗೆ, ನೂಲಿರುವುದು ಬೀಜಕ್ಕೆ. ಮನೆಯವರಿಗೆಲ್ಲ ಇದನ್ನು ಮೊದಲೇ ಹೇಳಿಡಿ.

ಮಳೆಗಾಲದಲ್ಲಿ ಬೀಜಕ್ಕೆ ಬೂಸ್ಟು ಬರ್ತದೆ. ಎಂತ ಮಾಡುದು?

ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಬೀಜ ತೆಗೆದು ಒಣಗಿಸಿ ಮುಗಿಸಬೇಕು. ಕಾಯಿಯಿಂದ ಬೀಜ ಬಿಡಿಸಿ ನೆರಳಲ್ಲಿ ವಾರ ಒಣಗಿಸಿ. ಮಡಚಿದಾಗ ಬಾಗದೆ ಪಟ್ಟನೆ ಮುರಿದರೆ ಒಣಗಿದೆ ಎಂದರ್ಥ. ಗಾಜಿನ ಬಾಟಲಿಯ ತಳಕ್ಕೆ ಹುರಿದು ಆರಿಸಿದ ಅಕ್ಕಿ ಹಾಕಿ, ಮೇಲೆ ಕಾಗದದ ಪೊಟ್ಟಣದಲ್ಲಿ ಬೀಜ ಇಟ್ಟು ಬಿಗಿಯಾಗಿ ಮುಚ್ಚಿ, ಫ್ರಿಡ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಹೊರಗೆ ಇಟ್ಟ ಬೀಜದ ಮೊಳಕೆ ಎರಡು ಮೂರು ವರ್ಷದಲ್ಲಿ ಕುಂದುತ್ತದೆ. ಒಂದೇ ಮನೆಯಲ್ಲಿ ಎಲ್ಲ ಬೀಜ ಇಡಬೇಡಿ.

## ಆಯ್ಕೆ: ನಿಜವಾದ ಕೆಲಸ ಇಲ್ಲಿ

ಕ್ರಾಸಿನ ಮೊದಲ ಗಿಡಗಳು ಎಲ್ಲ ಒಂದೇ ರೀತಿ ಬಂದವು, ಭಾರೀ ಚೆಂದ ಉಂಟು. ಇದೇ ಹೊಸ ತಳಿ ಅಲ್ವಾ?

ಇನ್ನೂ ಇಲ್ಲ. ಇದು ಎಫ್1, ಮೊದಲ ಪೀಳಿಗೆ. ತಂದೆ ತಾಯಿ ಎರಡೂ ಶುದ್ಧ ತಳಿಯಾಗಿದ್ದರೆ ಎಫ್1 ಗಿಡಗಳೆಲ್ಲ ಒಂದೇ ರೂಪ. ಅದರ ಬೀಜ ಬಿತ್ತಿದಾಗ ಬರುವ ಎಫ್2ರಲ್ಲಿ ಅಡಗಿದ್ದ ಗುಣಗಳೆಲ್ಲ ಹೊರಬೀಳುತ್ತವೆ. ಉದ್ದ, ಗಿಡ್ಡ, ಸುಕ್ಕು, ನುಣುಪು, ಮೇಲ್ಮುಖ, ಕೆಳಮುಖ, ಒಂದೇ ಕಾಯಿಯ ಬೀಜದಿಂದ ಬಂದ ಗಿಡಗಳೆಂದು ನಂಬಲಿಕ್ಕೇ ಆಗುವುದಿಲ್ಲ.

ಅಲ್ಲಿಂದ ಮುಂದೆ ಪ್ರತಿ ಪೀಳಿಗೆಯಲ್ಲೂ ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟಿದರೆ ಒಳಗಿನ ಬೆರಕೆ ಅರ್ಧರ್ಧ ಇಳಿಯುತ್ತದೆ: ಎಫ್2ರಲ್ಲಿ ಶೇಕಡಾ 50, ಎಫ್3ರಲ್ಲಿ 25, ಎಫ್4ರಲ್ಲಿ 12.5, ಎಫ್6ರ ಹೊತ್ತಿಗೆ ಸುಮಾರು 3. ಎಫ್6, ಎಫ್7 ದಾಟಿದ ಮೇಲೆ ಬೀಜ ಬಿತ್ತಿದರೆ ತಾಯಿಯಂಥದ್ದೇ ಗಿಡ ಬರುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ವರ್ಷಕ್ಕೊಂದು ಪೀಳಿಗೆ ಎಂದರೆ ಏಳೆಂಟು ವರ್ಷ. ನವರಾತ್ರಿ ಹೊತ್ತಿಗೆ ಸಸಿಮಡಿ ಮಾಡಿ, ಏಣೆಲು (ಮಳೆಗಾಲದ ಭತ್ತ) ಕೊಯ್ಲಾದ ಮೇಲೆ ನೆಟ್ಟು ಒಂದು ಬೆಳೆ, ಆಮೇಲೆ ಪ್ಲಾಸ್ಟಿಕ್ ಮಾಡಿನಡಿ ಚಟ್ಟಿಯಲ್ಲಿ ಮಳೆಗಾಲದ ಒಂದು ಬೆಳೆ ತೆಗೆದರೆ ಅದು ನಾಲ್ಕಕ್ಕೆ ಇಳಿಯುತ್ತದೆ. ಮಾಡಿನಡಿ ಬೆಳೆದದ್ದರಲ್ಲಿ ಆಯ್ಕೆ ಮಾಡಬೇಡಿ, ಅದು ಪೀಳಿಗೆ ದಾಟಿಸಲಿಕ್ಕೆ ಮಾತ್ರ.

ಎಫ್2ರಲ್ಲಿ ಯಾವ ಗಿಡ ಇಟ್ಟುಕೊಳ್ಳುದು, ಯಾವುದನ್ನು ಬಿಡುದು?

ಎಲ್ಲರೂ ಎಡವುವುದು ಇಲ್ಲೇ. ಕಣ್ಣು ಚೆಂದದ ಕಾಯಿಯ ಮೇಲೆ ಹೋಗುತ್ತದೆ. ನೋಡಬೇಕಾದ್ದು ಗಿಡವನ್ನು. ನಾಲ್ಕು ದೊಡ್ಡ ಕಾಯಿ ಬಿಟ್ಟು ಮುಟುರು ಹಿಡಿದ (ಎಲೆ ಮುದುಡಿದ) ಗಿಡಕ್ಕಿಂತ, ನಡುತರದ ಕಾಯಿ ಬುಡದಿಂದ ತುದಿವರೆಗೆ ಬಿಟ್ಟು, ಎಲೆ ಹರವಾಗಿ ನಿಂತ ಗಿಡ ಮೇಲು.

ಒಂದೇ ಸಲ ಎಲ್ಲ ಗುಣ ನೋಡಲು ಹೋಗಬೇಡಿ. ಮೊದಲ ಸುತ್ತಿನ ಆಯ್ಕೆಯನ್ನು ಮಣ್ಣಿಗೆ ಬಿಡಿ, ಸೊರಗಿದ್ದು ತಾನಾಗಿ ಹೋಗುತ್ತದೆ. ಎರಡನೆಯ ಸುತ್ತು ಎಲೆ. ನುಸಿ, ಥ್ರಿಪ್ಸ್, ಬಿಳಿನೊಣ ತರುವ ಮುಟುರು ಎಲ್ಲ ಗಿಡಕ್ಕೂ ಸ್ವಲ್ಪವಾದರೂ ಬರುತ್ತದೆ, ಯಾವುದು ಚೇತರಿಸಿಕೊಂಡು ಹೊಸ ಚಿಗುರು ಬಿಟ್ಟಿತು ಎಂದು ನೋಡಿ. ಮೂರನೆಯದು ಕಾಯಿಯ ಬಣ್ಣ, ಸಿಪ್ಪೆ, ತೊಟ್ಟು. ಬಣ್ಣ, ಆಕಾರ, ಕಾಯಿಯ ದಿಕ್ಕು ಇಂಥವನ್ನು ಒಂದೇ ಗಿಡ ನೋಡಿ ಆರಿಸಬಹುದು. ಇಳುವರಿಯನ್ನು ಹಾಗೆ ಆರಿಸಲಾಗದು, ಏಕೆಂದರೆ ಒಂದು ಗಿಡ ಹೆಚ್ಚು ಬಿಟ್ಟದ್ದು ಪಕ್ಕದ ತೆಂಗಿನಮರದ ನೆರಳು ಬೀಳದ ಕಾರಣಕ್ಕೂ ಇರಬಹುದು. ಇಳುವರಿಯ ಮಾತು ಎಫ್4, ಎಫ್5ರಲ್ಲಿ, ಒಂದೊಂದು ಸಾಲನ್ನು (ಆರಿಸಿದ ಒಂದೇ ಗಿಡದಿಂದ ಇಳಿದು ಬಂದ ಗಿಡಗಳನ್ನು) ಹಲವು ಮನೆಗಳಲ್ಲಿ ಬೆಳೆಸಿದ ಮೇಲೆ.

ನಮ್ಮ ಹವೆಯಲ್ಲಿ ಇನ್ನೊಂದು ಗುಣಕ್ಕೆ ನಾವು ತುಂಬ ಬೆಲೆ ಕೊಡುತ್ತೇವೆ: ಕಾಯಿಯ ಸಿಪ್ಪೆ ತೆಳ್ಳಗಿರಬೇಕು. ದಪ್ಪ ಸಿಪ್ಪೆಯ ಹಣ್ಣು ಈ ತೇವದಲ್ಲಿ ಅಂಗಳದಲ್ಲಿ ಒಣಗುವ ಮೊದಲೇ ಕಪ್ಪು ಚಿಬ್ಬು ಬಂದು ಕೊಳೆಯುತ್ತದೆ.

ಸೊರಗು ರೋಗಕ್ಕೆ ಗಟ್ಟಿ ಉಂಟು ಅಂತ ಹೇಳುದು ಯಾವ ಧೈರ್ಯದಲ್ಲಿ?

ರೋಗ ಇರುವ ಜಾಗದಲ್ಲಿ ಬೆಳೆಸಿ ನೋಡಿದ ಧೈರ್ಯದಲ್ಲಿ ಮಾತ್ರ. ನಿನ್ನೆ ಹಸಿರಾಗಿದ್ದ ಗಿಡ ಎಲೆ ಹಳದಿಯೂ ಆಗದೆ ಇವತ್ತು ಜೋತು ಬಿದ್ದರೆ ಅದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಖಚಿತ ಮಾಡಿಕೊಳ್ಳಲು ಬುಡದ ಕಾಂಡವನ್ನು ಎರಡಿಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನ ಎಳೆಯಂತೆ ಬಿಳಿ ದಾರ ಇಳಿದರೆ ಬ್ಯಾಕ್ಟೀರಿಯಾವೇ. ಇಳಿಯದಿದ್ದರೆ ಶಿಲೀಂಧ್ರವೋ, ಬೇರು ಕೊಳೆತದ್ದೋ, ಬೇರೇನೋ.

ಹಿಂದೆ ಬದನೆ, ಟೊಮೆಟೊ, ಮೆಣಸು ಸೊರಗಿದ ಗದ್ದೆ ಯಾರದ್ದಾದರೂ ಗುಂಪಿನಲ್ಲಿ ಇದ್ದರೆ ಅದನ್ನೇ ಪರೀಕ್ಷೆಯ ಗದ್ದೆ ಮಾಡಿ. ಪ್ರತಿ ನಾಲ್ಕು ಸಾಲಿಗೆ ಒಂದು ಸಾಲು ಬೇಗ ಸೊರಗುವ ತಳಿ ನೆಡಿ. ಅದೂ ಬದುಕಿ ಉಳಿದರೆ ಆ ವರ್ಷ ಅಲ್ಲಿ ರೋಗವೇ ಇರಲಿಲ್ಲ, ನಿಮ್ಮ ಗಿಡ ಗಟ್ಟಿ ಎಂದು ಹೇಳಲಾಗದು. ಎಫ್1 ಸೊರಗಿತೆಂದು ಕ್ರಾಸನ್ನೇ ಕೈಬಿಡಬೇಡಿ, ನಿರೋಧಕ ಗುಣ ಮರೆಯಲ್ಲಿದ್ದು ಎಫ್2ರಲ್ಲಿ ಹೊರಬರುವುದುಂಟು. ಆ ಗದ್ದೆಯ ಮಣ್ಣು, ಹಾರೆ, ಸಸಿ ಯಾವುದೂ ಬೇರೆ ಮನೆಗೆ ಹೋಗಬಾರದು. ಬೀಜ ಮಾತ್ರ ಹೋಗಲಿ.

ಖಾರ, ಬಣ್ಣ ಅಳೆಯಲಿಕ್ಕೆ ಲ್ಯಾಬ್ ಬೇಕಾ?

ಕೊನೆಯ ಹಂತಕ್ಕೆ ಬಂದ ಒಂದೆರಡು ಸಾಲಿಗೆ ಲ್ಯಾಬ್ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಅಲ್ಲಿಯವರೆಗೆ ನಾಲಿಗೆ ಸಾಕು. ಖಾರದ ಅಳತೆಗೆ ಹೆಸರು ಕೊಟ್ಟ ವಿಲ್ಬರ್ ಸ್ಕೋವಿಲ್ 1912ರಲ್ಲಿ ಮಾಡಿದ್ದೂ ಅದನ್ನೇ. ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತಾ ಹೋಗಿ, ರುಚಿ ನೋಡುವವರಿಗೆ ಖಾರ ಗೊತ್ತಾಗದ ಹಂತ ಕಂಡುಕೊಳ್ಳುವುದು.

ನಮ್ಮ ಪದ್ಧತಿ: ಪ್ರತಿ ಗಿಡದ ಒಣಮೆಣಸು ಸಮ ತೂಕ ತೆಗೆದು, ಒಂದೇ ಅಳತೆ ತೆಂಗಿನಕಾಯಿ, ಉಪ್ಪು, ಹುಣಸೆಹುಳಿ ಹಾಕಿ ಅರೆದು ಕುದಿಸುವುದು. ಬಟ್ಟಲಿಗೆ ಸಂಖ್ಯೆ ಮಾತ್ರ, ಯಾವ ಗಿಡ, ಯಾರ ಮನೆ ಎಂದು ತಿನ್ನುವವರಿಗೆ ಗೊತ್ತಿರಬಾರದು. ಬೆಳ್ತಿಗೆ ಅನ್ನದ ಜೊತೆ ಒಂದೊಂದು ತುತ್ತು, ನಡುವೆ ಮಜ್ಜಿಗೆ. ಒಂದು ಸಲ ಕೂತಾಗ ಐದಾರು ಬಟ್ಟಲಿಗಿಂತ ಹೆಚ್ಚು ಬೇಡ, ಆಮೇಲೆ ನಾಲಿಗೆ ಮರಗಟ್ಟುತ್ತದೆ. ಬಣ್ಣಕ್ಕೆ ಒಣಮೆಣಸನ್ನು ಬಿಸಿನೀರಲ್ಲಿ ನೆನೆಸಿ ಅರೆದು, ಬಿಳಿ ಪಿಂಗಾಣಿ ತಟ್ಟೆಯಲ್ಲಿ ಬ್ಯಾಡಗಿಯ ಪಕ್ಕ ಹರಡಿ ನೋಡಿ. ದಿನಾಲೂ ಮಸಾಲೆ ಅರೆಯುವವರ ಮಾತಿಗೆ ಇಲ್ಲಿ ಹೆಚ್ಚು ತೂಕ ಕೊಡಬೇಕು. ಹುರಿದಾಗ ಘಾಟು ಹೇಗೆ, ಅರೆಯುವಾಗ ಸಿಪ್ಪೆ ಉಳಿಯುತ್ತದಾ, ಮರುದಿನ ಸಾರಿನ ಬಣ್ಣ ಮಾಸುತ್ತದಾ, ಇದನ್ನೆಲ್ಲ ಯಂತ್ರ ಹೇಳುವುದಿಲ್ಲ.

## ಗುಂಪಿನ ವ್ಯವಹಾರ, ಹಕ್ಕು

ದಾಖಲೆ ಬರೆಯುದು ತಲೆಬಿಸಿ. ಎಷ್ಟು ಬರೆದ್ರೆ ಸಾಕು?

ಗಿಡಕ್ಕೊಂದು ಸಂಖ್ಯೆ, ಅದರ ತಾಯಿ ಗಿಡದ ಸಂಖ್ಯೆ, ಮನೆ, ಬಿತ್ತಿದ ದಿನ, ಮೊದಲ ಹಣ್ಣಿನ ದಿನ, ರೋಗ, ಒಂದು ಫೋಟೊ. ಇಷ್ಟು ಇದ್ದರೆ ಸಾಕು. ‘ಉಬ 2-17-3’ ಎಂದರೆ ಉಜ್ವಲ, ಬ್ಯಾಡಗಿ ಕ್ರಾಸು, ಎಫ್2ರ 17ನೇ ಗಿಡ, ಅದರ ಮಗಳು ಮೂರನೆಯದು ಎಂದು ಹತ್ತು ವರ್ಷ ಕಳೆದರೂ ಓದಲು ಬರಬೇಕು. ಗಿಡಕ್ಕೆ ಕಟ್ಟುವ ಚೀಟಿಯಲ್ಲಿ ಪೆನ್ಸಿಲ್‌ನಿಂದಲೇ ಬರೆಯಿರಿ. ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ.

ಒಬ್ಬರಿಗೆ ಒಂದು ಗಿಡ ಇಷ್ಟ, ಇನ್ನೊಬ್ಬರಿಗೆ ಇನ್ನೊಂದು. ಜಗಳ ಆಗುದಿಲ್ವಾ?

ಒಂದೇ ಕ್ರಾಸಿನಿಂದ ಒಂದೇ ತಳಿ ಹೊರಬರಬೇಕೆಂದು ಯಾರೂ ಹೇಳಿಲ್ಲ. ಕುಂದಾಪುರದ ಕಡೆಯವರಿಗೆ ಘೀ ರೋಸ್ಟಿನ ಕೆಂಪು ಬೇಕು, ಬಾಫತ್ ಪುಡಿ ಮಾಡುವ ಮನೆಗೆ ಸ್ವಲ್ಪ ಖಾರವೂ ಬೇಕು, ಮೆಣಸ್ಕಾಯಿಗೆ ಅಷ್ಟು ಖಾರ ಬೇಡ, ಮಜ್ಜಿಗೆ ಮೆಣಸಿಗೆ ಹಸಿಗಾಯಿಯೇ ಮುಖ್ಯ. ಎಫ್3ರಿಂದ ಗುಂಪು ಕವಲೊಡೆಯಲಿ, ಒಂದೊಂದು ಸಾಲನ್ನು ಇಷ್ಟಪಟ್ಟವರೇ ಮುಂದಕ್ಕೆ ಒಯ್ಯಲಿ. ಆದರೆ ಪ್ರತಿ ಸಾಲಿನ ಬೀಜದ ಒಂದು ಪಾಲು ಎಲ್ಲರಿಗೂ ಸೇರಿದ ಪೆಟ್ಟಿಗೆಗೆ ಬರಲೇಬೇಕು. ಈ ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ.

ಕಂಪನಿಯ ಹೈಬ್ರಿಡ್ ಬೀಜದಿಂದ ಕ್ರಾಸ್ ಮಾಡಿದ್ರೆ ಕೇಸ್ ಹಾಕ್ತಾರಾ?

ಭಾರತದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 30ನೇ ಕಲಮಿನ ಪ್ರಕಾರ ನೋಂದಾಯಿತ ತಳಿಯನ್ನು ಪ್ರಯೋಗಕ್ಕೆ, ಹೊಸ ತಳಿ ಹುಟ್ಟಿಸುವ ಮೂಲವಾಗಿ ಬಳಸಲು ಅಡ್ಡಿಯಿಲ್ಲ. ವಾಣಿಜ್ಯ ಬೀಜೋತ್ಪಾದನೆಗೆ ಅದೇ ತಳಿಯನ್ನು ಪ್ರತಿ ವರ್ಷ ತಂದೆ ಅಥವಾ ತಾಯಿಯಾಗಿ ಮತ್ತೆ ಮತ್ತೆ ಬಳಸಬೇಕಾದರೆ ಮಾತ್ರ ಅನುಮತಿ ಬೇಕು. ಹೈಬ್ರಿಡ್ ಸ್ವತಃ ಎಫ್1 ಆದ್ದರಿಂದ ಅದರ ಕ್ರಾಸಿನಲ್ಲಿ ಮೊದಲ ಪೀಳಿಗೆಯಿಂದಲೇ ಗುಣಗಳು ಚದುರುತ್ತವೆ, ಇದು ನೆನಪಿರಲಿ.

ಮಗ ದುಬೈಯಿಂದ, ಅಮೆರಿಕದಿಂದ ಬೀಜ ತರ್ತೇನೆ ಅಂತಾನೆ. ತರಿಸಬಹುದಾ?

ಜೇಬಿನಲ್ಲಿ, ಲಕೋಟೆಯಲ್ಲಿ ತರಿಸಬೇಡಿ. 2003ರ ಸಸ್ಯ ಸಂಪರ್ಕ ತಡೆ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಬೀಜದ ಜೊತೆಗೆ ವೈರಸ್ ಬಂದರೆ ಒಬ್ಬರ ಹಿತ್ತಿಲಿನಲ್ಲಿ ನಿಲ್ಲುವುದಿಲ್ಲ.

ಇಷ್ಟು ವರ್ಷ ದುಡಿದು ಮಾಡಿದ ತಳಿ ಯಾರದ್ದು? ಬೇರೆ ಯಾರೋ ನೋಂದಣಿ ಮಾಡಿಸಿ ನಮಗೇ ಮಾರಿದ್ರೆ?

ಈ ಭಯಕ್ಕೆ ಆಧಾರ ಉಂಟು, ಹಾಗಾಗಿ ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು. ಯಾರು ಕ್ರಾಸ್ ಮಾಡಿದರು, ಯಾವ ಮನೆಯಲ್ಲಿ ಯಾವ ಸಾಲು ಆರಿಸಲ್ಪಟ್ಟಿತು ಎಂಬ ದಿನಾಂಕ ಸಹಿತ ಪುಸ್ತಕವೇ ದೊಡ್ಡ ರಕ್ಷಣೆ. ಮೇಲೆ ಹೇಳಿದ ಕಾಯಿದೆಯಲ್ಲಿ ರೈತನೊಬ್ಬನೇ ಅಲ್ಲ, ರೈತರ ಗುಂಪು ಅಥವಾ ಸಮುದಾಯ ಕೂಡ ತಳಿಯ ನೋಂದಣಿಗೆ ಅರ್ಜಿ ಹಾಕಬಹುದು. ರೈತರಿಗೆ ಶುಲ್ಕದಿಂದ ವಿನಾಯಿತಿ ಉಂಟು. ತಳಿ ಬೇರೆಯವುಗಳಿಂದ ಭಿನ್ನವಾಗಿದೆ, ಗಿಡಗಳೆಲ್ಲ ಏಕರೂಪವಾಗಿವೆ, ಪೀಳಿಗೆ ಕಳೆದರೂ ಗುಣ ಸ್ಥಿರವಾಗಿದೆ ಎಂಬ ಮೂರನ್ನು ತೋರಿಸಬೇಕು. ನೋಂದಣಿಯ ರಕ್ಷಣೆ ಮೆಣಸಿನಂಥ ಬೆಳೆಗೆ 15 ವರ್ಷ.

39ನೇ ಕಲಮು ಇನ್ನೂ ಮುಖ್ಯ. ಬೀಜ ಉಳಿಸುವ, ಬಿತ್ತುವ, ಹಂಚುವ, ವಿನಿಮಯ ಮಾಡುವ, ಮಾರುವ ಹಕ್ಕು ರೈತರಿಗೆ ಉಂಟು. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ನಮ್ಮ ಅಭಿಪ್ರಾಯದಲ್ಲಿ ಗುಂಪಿನ ಹೆಸರಲ್ಲಿ ನೋಂದಣಿ ಮಾಡಿಸಿ, ಬೀಜವನ್ನು ಎಲ್ಲರಿಗೂ ಬಿಟ್ಟುಕೊಡುವುದು ಸರಿಯಾದ ದಾರಿ. ನೋಂದಣಿ ಇತರರು ಬೇಲಿ ಹಾಕದಂತೆ ತಡೆಯಲಿಕ್ಕೆ, ನಾವು ಬೇಲಿ ಹಾಕಲಿಕ್ಕಲ್ಲ.

ಮಟ್ಟುಗುಳ್ಳಕ್ಕೆ ಸಿಕ್ಕಿದ ಹಾಗೆ ನಮ್ಮ ಹೊಸ ಮೆಣಸಿಗೂ ಜಿಐ ಸಿಗ್ತದಾ?

ಇಲ್ಲ. ಭೌಗೋಳಿಕ ಸೂಚಕ (ಜಿಐ) ಸಿಗುವುದು ಒಂದು ಜಾಗದ ಹೆಸರಿನೊಂದಿಗೆ ಬಹುಕಾಲದಿಂದ ಬೆಸೆದುಕೊಂಡ ಖ್ಯಾತಿಗೆ. ಮಟ್ಟುಗುಳ್ಳ ಬದನೆ, ಬ್ಯಾಡಗಿ ಮೆಣಸು ಎರಡಕ್ಕೂ ಅದು 2011ರಲ್ಲಿ ಸಿಕ್ಕಿತು, ಎರಡರ ಹಿಂದೆಯೂ ತಲೆಮಾರುಗಳ ಬೆಳೆ ಇತ್ತು. ಹೊಸ ತಳಿಗೆ ದಾರಿ ಮೇಲೆ ಹೇಳಿದ ನೋಂದಣಿಯೇ.

ವಿಜ್ಞಾನಿಗಳ ಹತ್ರ ಹೋಗುದು ಯಾವಾಗ?

ಎಫ್4 ದಾಟಿ ಕೈಯಲ್ಲಿ ಎರಡು ಮೂರು ಒಳ್ಳೆ ಸಾಲು, ಪಕ್ಕದಲ್ಲಿ ದಾಖಲೆ ಪುಸ್ತಕ ಇರುವಾಗ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ಬ್ರಹ್ಮಾವರ ಮತ್ತು ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಗಳು ನಮಗೆ ಹತ್ತಿರ. ‘ನಮಗೊಂದು ತಳಿ ಮಾಡಿ ಕೊಡಿ’ ಎಂದು ಹೋಗುವುದಕ್ಕಿಂತ, ‘ಈ ಮೂರು ಸಾಲು ಇಷ್ಟು ಮನೆಗಳಲ್ಲಿ ಹೀಗೆ ಬಂದಿವೆ, ರೋಗದ ಪರೀಕ್ಷೆ ಮಾಡಿಸಲು ಸಹಾಯ ಬೇಕು’ ಎಂದು ಹೋದರೆ ಮಾತುಕತೆಯ ದಾರಿಯೇ ಬೇರೆ.

ತಳಿ ಮುಗಿಯಿತು ಅಂತ ಹೇಳುದು ಯಾವಾಗ? ಆಮೇಲೆ ಬೀಜ ಕಾಯುವವರು ಯಾರು?

ಬೇರೆ ಬೇರೆ ಮಣ್ಣಿನ ಮೂರು ಮನೆಗಳಲ್ಲಿ ಸತತ ಎರಡು ಹಂಗಾಮು ಒಂದೇ ರೂಪದ ಗಿಡ ಬಂದು, ತಾಯಿಯಂತಿಲ್ಲದ ಗಿಡ ಅಪರೂಪವಾದರೆ ಹೆಸರಿಡಬಹುದು. ಆಮೇಲೂ ಕೆಲಸ ನಿಲ್ಲುವುದಿಲ್ಲ. ಮೂಲ ಬೀಜ ಕನಿಷ್ಠ ಮೂರು ಮನೆಗಳಲ್ಲಿ ಇರಬೇಕು. ಆ ಮನೆಗಳವರು ವರ್ಷ ಬಿಟ್ಟು ವರ್ಷ ಕನಿಷ್ಠ 20 ಗಿಡ ಚೀಲ ಕಟ್ಟಿ ಬೆಳೆಸಬೇಕು, ಬೇರೆ ರೂಪದ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು, ಎಲ್ಲ ಒಳ್ಳೆ ಗಿಡಗಳ ಬೀಜ ಸೇರಿಸಿ ಇಡಬೇಕು. ಮಕ್ಕಳು ಊರು ಬಿಟ್ಟು ಹೋಗುವ ಮನೆಯಾದರೆ ಬೀಜದ ಬಾಟಲಿ ಯಾರಿಗೆ ದಾಟಬೇಕು ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.